ಏಜ್ ಆಫ್ ಎಂಪೈರ್ಸ್ 2: ಕುರಿ ಕಾಯುವುದರಿಂದ ಕೋಟೆ ಕೆಡವುವವರೆಗೆ

ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2 ಆಡಿ ಸೋತವರನ್ನು ಕೇಳಿ ನೋಡಿ, ಹೆಚ್ಚಿನವರು ಹೇಳುವುದು ಒಂದೇ: "ಅವನ ಹತ್ರ ಸೈನ್ಯ ಜಾಸ್ತಿ ಇತ್ತು." ಇರಬಹುದು. ಆದರೆ ಯಾಕೆ ಜಾಸ್ತಿ ಇತ್ತು? ಸೋತ ಹೊತ್ತಿನಲ್ಲಿ ನಿಮ್ಮ ಪರದೆಯ ಮೇಲಿನ ಸಾಲು ನೋಡಿದರೆ ಉತ್ತರ ಅಲ್ಲೇ ಇರುತ್ತದೆ. 1,800 ಆಹಾರ, 1,200 ಮರ, 900 ಚಿನ್ನ. ಎಲ್ಲವೂ ಸುಮ್ನೆ ಬಿದ್ದಿರುತ್ತದೆ. ಅಷ್ಟು ಸಂಪತ್ತಿಗೆ ಕವಚ ತೊಟ್ಟ ಕುದುರೆ ಸವಾರರಾದ ಹನ್ನೆರಡು ನೈಟ್‌ಗಳು ಬರುತ್ತಿದ್ದವು!

ನಮ್ಮನ್ನೆಲ್ಲ ಚಿಕ್ಕಂದಿನಿಂದ ಉಳಿಸು, ಕೂಡಿಡು, ಕಷ್ಟಕಾಲಕ್ಕೆ ಬೇಕಾಗುತ್ತೆ ಅಂತ ಹೇಳಿಯೇ ಬೆಳೆಸಿದ್ದಾರೆ. ಈ ಆಟಕ್ಕೆ ಕೂತಾಗ ಆ ಬುದ್ಧಿಯನ್ನು ಪಕ್ಕಕ್ಕಿಡಬೇಕು. ಇಲ್ಲಿ ಕೂಡಿಟ್ಟದ್ದಕ್ಕೆ ಬಡ್ಡಿ ಬರುವುದಿಲ್ಲ. ಬಂದದ್ದು ಬಂದ ಹಾಗೆ ಖರ್ಚಾಗುತ್ತಿರಬೇಕು. ಮೇಲಿನ ಸಾಲಿನ ಅಂಕಿಗಳು ಚಿಕ್ಕದಾಗಿದ್ದಷ್ಟೂ ನೀವು ಚೆನ್ನಾಗಿ ಆಡುತ್ತಿದ್ದೀರಿ ಅಂತ ಲೆಕ್ಕ. ಈ ಮಾರ್ಗದರ್ಶಿಯಲ್ಲಿ ಹೇಳಿರುವ ಪ್ರತಿ ಹೆಜ್ಜೆಯೂ ಈ ಒಂದು ಮಾತಿನ ಸುತ್ತಲೇ ಇದೆ.

ಯಾವ ಆವೃತ್ತಿ, ಯಾವ ಕಂಪ್ಯೂಟರ್

ಮೂಲ ಆಟ ಬಂದದ್ದು 1999ರಲ್ಲಿ. ಎನ್ಸೆಂಬಲ್ ಸ್ಟುಡಿಯೋಸ್ ಮಾಡಿದ್ದು, ಮೈಕ್ರೋಸಾಫ್ಟ್ ಹೊರತಂದದ್ದು. 2000ದಲ್ಲಿ ಕಾಂಕರರ್ಸ್ ಅನ್ನುವ ವಿಸ್ತರಣೆ ಬಂತು. ಸೈಬರ್ ಸೆಂಟರ್‌ಗಳಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು, ನಾಲ್ಕು ಜನ ಒಟ್ಟಿಗೆ ಲ್ಯಾನ್‌ನಲ್ಲಿ ಆಡುತ್ತಿದ್ದವರಿಗೆ ನೆನಪಿರುವುದು ಇವೆರಡೇ. ಈಗ ಎಲ್ಲರೂ ಆಡುವುದು 2019ರ ನವೆಂಬರ್‌ನಲ್ಲಿ ಬಂದ ಡೆಫಿನಿಟಿವ್ ಎಡಿಷನ್. ಸ್ಟೀಮ್‌ನಲ್ಲೂ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೂ ಸಿಗುತ್ತದೆ. ರಿಯಾಯಿತಿ ಆಗಾಗ ಬರುತ್ತದೆ, ಕಾದು ತಗೊಳ್ಳಿ.

ದೊಡ್ಡ ಗೇಮಿಂಗ್ ಕಂಪ್ಯೂಟರ್ ಬೇಕಾಗಿಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆಟದ ಜೊತೆ ಪುಕ್ಕಟೆಯಾಗಿ ಎನ್‌ಹಾನ್ಸ್‌ಡ್ ಗ್ರಾಫಿಕ್ಸ್ ಪ್ಯಾಕ್ ಅಂತ ಒಂದು ಇರುತ್ತದೆ. 4ಕೆ ಪರದೆ ಇಲ್ಲದಿದ್ದರೆ ಅದನ್ನು ಇಳಿಸಿಕೊಳ್ಳಬೇಡಿ, ಸುಮ್ನೆ ಜಾಗ ತಿನ್ನುತ್ತದೆ. ಆದರೆ ಮೌಸ್ ಮಾತ್ರ ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಈ ಆಟ ಆಡುತ್ತೇನೆ ಅನ್ನುವುದು ವ್ಯರ್ಥ ಸಾಹಸ. ಆಟದೊಳಗಿನ ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಹಾಗಾಗಿ ಆಟದ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಹೇಗೆ ಕಾಣುತ್ತವೋ ಹಾಗೇ ಇಲ್ಲಿ ಬಳಸುತ್ತೇನೆ.

ಆಟಕ್ಕೆ ಕೂರುವ ಮೊದಲು ಐದು ನಿಮಿಷ

ಸೆಟ್ಟಿಂಗ್ಸ್‌ಗೆ ಹೋಗಿ ಹಾಟ್‌ಕೀ ಪಟ್ಟಿ ತೆರೆಯಿರಿ. ಎಲ್ಲವನ್ನೂ ಕಲಿಯಬೇಕಿಲ್ಲ. ಸದ್ಯಕ್ಕೆ ಮೂರು ಸಾಕು. ಎಚ್ ಒತ್ತಿದರೆ ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಆಯ್ಕೆಯಾಗುತ್ತದೆ. ಆಮೇಲೆ ಕ್ಯೂ ಒತ್ತಿದರೆ ಒಬ್ಬ ವಿಲೇಜರ್ (ಊರಿನ ಕೆಲಸಗಾರ) ತಯಾರಾಗಲು ಶುರು. ಪೂರ್ಣವಿರಾಮದ ಚುಕ್ಕೆ ಕೀಲಿ ಒತ್ತಿದರೆ ಕೆಲಸವಿಲ್ಲದೆ ನಿಂತಿರುವ ವಿಲೇಜರ್ ಎಲ್ಲಿದ್ದರೂ ಕ್ಯಾಮೆರಾ ಅಲ್ಲಿಗೆ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಇವು ಬೇರೆ ಇದ್ದರೆ ನಿಮಗೆ ಅನುಕೂಲವಾದ ಹಾಗೆ ಬದಲಾಯಿಸಿಕೊಳ್ಳಿ.

"ಎಚ್, ಕ್ಯೂ" ಅನ್ನುವುದು ಬೆರಳಿಗೆ ಅಭ್ಯಾಸವಾಗಬೇಕು. ಕಾಡುಹಂದಿ ಅಟ್ಟಿಸಿಕೊಂಡು ಬರುತ್ತಿರಲಿ, ಶತ್ರು ಬಾಗಿಲು ಒಡೆಯುತ್ತಿರಲಿ, ಎಚ್, ಕ್ಯೂ ನಿಲ್ಲಬಾರದು. ಎಡಗೈ ಕೀಬೋರ್ಡ್ ಬಿಟ್ಟು ಏಳಬಾರದು.

ಡೆಫಿನಿಟಿವ್ ಎಡಿಷನ್‌ನಲ್ಲಿ ಇನ್ನೂ ಕೆಲವು ಅನುಕೂಲಗಳಿವೆ. ಪ್ರತಿ ಸಂಪನ್ಮೂಲದ ಪಕ್ಕ ಅದರ ಮೇಲೆ ಎಷ್ಟು ವಿಲೇಜರ್‌ಗಳಿದ್ದಾರೆ ಅಂತ ತೋರಿಸುತ್ತದೆ. ಬೆಳೆ ಮುಗಿದ ಹೊಲವನ್ನು ತಾನಾಗಿಯೇ ಮತ್ತೆ ಬಿತ್ತುವ ಬಟನ್ ಆಹಾರ ತಂದು ಹಾಕುವ ಕಟ್ಟಡವಾದ ಮಿಲ್‌ನಲ್ಲಿದೆ. ಅದನ್ನು ಮೊದಲೇ ಆನ್ ಮಾಡಿ. ನಕ್ಷೆ ಸುತ್ತಿ ನೋಡುವ ಸ್ಕೌಟ್ ಕುದುರೆಯನ್ನು ತಾನೇ ತಿರುಗಾಡಲು ಬಿಡುವ ಆಟೋ ಸ್ಕೌಟ್ ಇದೆ. ಕಲಿಯುವ ದಿನಗಳಲ್ಲಿ ಅದನ್ನು ಬಳಸಿದರೆ ಯಾರೂ ನಗುವುದಿಲ್ಲ. ಆದರೆ ಅದು ಮೊದಲು ಊರಿನ ಸುತ್ತ ನೋಡಿ ಕುರಿ ಹುಡುಕುವುದು ಬಿಟ್ಟು ಎಲ್ಲಿಗೋ ಹೋಗಬಹುದು. ಹಾಗಾಗಿ ಮೊದಲ ಎರಡು ನಿಮಿಷ ನೀವೇ ಟೌನ್ ಸೆಂಟರ್ ಸುತ್ತ ಒಂದು ಸುತ್ತು ಹೊಡೆಸಿ, ಆಮೇಲೆ ಅದರ ಪಾಡಿಗೆ ಬಿಡಿ.

ಯಾವ ನಾಗರಿಕತೆ ಆರಿಸಬೇಕು

ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಒಂದನ್ನು ಹಿಡಿದು ಅದರಲ್ಲೇ ಕೆಲವು ವಾರ ಆಡಿ. ನನ್ನ ಸಲಹೆ ಫ್ರಾಂಕರು. ಅವರ ಹೊಲದ ಸುಧಾರಣೆಗಳೆಲ್ಲ ಪುಕ್ಕಟೆ. ಮಿಲ್ ಒಂದಿದ್ದರೆ ಸಾಕು, ಆಯಾ ಏಜ್ (ಆಟದ ಹಂತ: ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್) ತಲುಪಿದ ತಕ್ಷಣ ತಾವಾಗಿಯೇ ಸಿಗುತ್ತವೆ. ಹಣ್ಣಿನ ಪೊದೆಯಿಂದ ಬೇಗ ಕೀಳುತ್ತಾರೆ. ಕುದುರೆ ಸವಾರರಿಗೆ ಶೇ. 20ರಷ್ಟು ಜಾಸ್ತಿ ಪ್ರಾಣಬಲ. ಕೋಟೆ ಅಗ್ಗ. ಅಂದರೆ ಮರೆಯಬಹುದಾದ ವಿಷಯಗಳು ಕಡಿಮೆ, ಸೈನ್ಯ ಗಟ್ಟಿ.

ನಮ್ಮ ಕಡೆಯವರನ್ನು ಆರಿಸೋಣ ಅಂತ ಅನ್ನಿಸುವುದು ಸಹಜ, ಅಲ್ವಾ? 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಹೊಸದಾಗಿ ಬಂದರು. ಹಳೆಯ "ಇಂಡಿಯನ್ಸ್" ಹಿಂದೂಸ್ತಾನಿಗಳಾದರು. ದ್ರಾವಿಡರಿಗೆ ಉರುಮಿ (ಚಾಟಿಯಂತೆ ಬಳುಕುವ ಕತ್ತಿ) ಹಿಡಿದ ಕಾಲಾಳುಗಳಿದ್ದಾರೆ. ದಕ್ಷಿಣ ಭಾರತದ ಹೆಸರಾಂತ ಉಕ್ಕಿನ ಹೆಸರಲ್ಲಿ ಒಂದು ಸುಧಾರಣೆಯೂ ಇದೆ, ಅದನ್ನು ಮಾಡಿಕೊಂಡರೆ ಕಾಲಾಳು ಮತ್ತು ಸವಾರರ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಕಲ್ಯಾಣದ ಚಾಲುಕ್ಯರ ಜೊತೆ ವರ್ಷಗಟ್ಟಲೆ ಕಾದಾಡಿದ ರಾಜೇಂದ್ರ ಚೋಳನ ಕ್ಯಾಂಪೇನ್ (ಕಥೆಯಾಗಿ ಸಾಗುವ ಆಟಗಳ ಸರಣಿ) ಕೂಡ ಅದರಲ್ಲೇ ಇದೆ. ಆದರೆ ದ್ರಾವಿಡರಿಗೆ ನೈಟ್ ಇಲ್ಲ. ಇಲ್ಲಿ ಹೇಳುವ ಯೋಜನೆ ನಿಂತಿರುವುದೇ ನೈಟ್‌ಗಳ ಮೇಲೆ. ಹಾಗಾಗಿ ಅವರನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಏನೂ ಗೊತ್ತಿಲ್ಲದವರು ಮೊದಲು ವಿಲಿಯಂ ವಾಲೇಸ್ ಕ್ಯಾಂಪೇನ್ ಆಡಿ ಬರಬೇಕು. ಸ್ಕಾಟ್ಲೆಂಡಿನವರು ಇಂಗ್ಲಿಷರ ಮೇಲೆ ತಿರುಗಿಬಿದ್ದ ಕಥೆ ಅದು, ಆದರೆ ನಿಜವಾಗಿ ಅದೊಂದು ಪಾಠ. ನಡೆಯುವುದು, ಕಟ್ಟುವುದು, ಹೊಡೆಯುವುದು ಎಲ್ಲ ಒಂದೊಂದಾಗಿ ಹೇಳಿಕೊಡುತ್ತದೆ. ಅದಾದ ಮೇಲೆ ಅರೇಬಿಯಾ ಅನ್ನುವ ನಕ್ಷೆಯಲ್ಲಿ, ಒಬ್ಬರೇ ಎದುರಾಳಿ, ಮಾಡರೇಟ್ ಮಟ್ಟದ ಎಐ (ಕಂಪ್ಯೂಟರೇ ಆಡಿಸುವ ಎದುರಾಳಿ) ಜೊತೆ ಶುರು ಮಾಡಿ.

ಮೊದಲ ಒಂದು ನಿಮಿಷ

ಆಟ ಶುರುವಾದಾಗ ನಿಮ್ಮ ಬಳಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಇರುತ್ತದೆ. ಮೂವರು ವಿಲೇಜರ್‌ಗಳು, ಒಬ್ಬ ಸ್ಕೌಟ್, ಒಂದು ಟೌನ್ ಸೆಂಟರ್. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡು. ಅಂದರೆ ಕೈಯಲ್ಲಿರುವುದು ನಾಲ್ವರಿಗೆ ಸಾಕು. ಎಚ್ ಒತ್ತಿ, ಕ್ಯೂ ನಾಲ್ಕು ಸಲ ಒತ್ತಿ. ಆಹಾರ ಸೊನ್ನೆ ಆಯಿತು. ಒಳ್ಳೇ ಶುರು.

ಟೌನ್ ಸೆಂಟರ್ ಐದು ಜನಕ್ಕೆ ಮಾತ್ರ ಜಾಗ ಕೊಡುತ್ತದೆ, ನಾವು ಆಗಲೇ ನಾಲ್ವರು. ಹಾಗಾಗಿ ತಕ್ಷಣ ಮನೆ ಬೇಕು. ಇಬ್ಬರು ಸೇರಿ ಒಂದು ಮನೆ, ಮೂರನೆಯವರು ಇನ್ನೊಂದು ಮನೆ ಕಟ್ಟಲಿ. ಮನೆಗೆ 25 ಮರ, ಐದು ಜನಕ್ಕೆ ಜಾಗ. ಈಗ ಒಟ್ಟು 15 ಜನಕ್ಕೆ ತೊಂದರೆ ಇಲ್ಲ. ಮನೆ ಕಟ್ಟಲು ಹೇಳಿದ ಕೂಡಲೇ ಶಿಫ್ಟ್ ಹಿಡಿದು ಕುರಿಯ ಮೇಲೆ ಬಲ ಕ್ಲಿಕ್ ಮಾಡಿಬಿಡಿ. ಮನೆ ಮುಗಿದ ಕೂಡಲೇ ತಾವೇ ಕುರಿಗೆ ಹೋಗುತ್ತಾರೆ.

ಅಷ್ಟರಲ್ಲಿ ಸ್ಕೌಟ್‌ನಿಂದ ಕುರಿ ಹುಡುಕಿ. ಅರೇಬಿಯಾದಲ್ಲಿ ನಿಮ್ಮ ಪಾಲಿಗೆ ಎಂಟು ಕುರಿಗಳಿರುತ್ತವೆ. ನಾಲ್ಕು ಹತ್ತಿರದಲ್ಲೇ, ಉಳಿದವು ಎರಡೆರಡು ಜೋಡಿಯಾಗಿ ಸ್ವಲ್ಪ ದೂರ. ಕಂಡ ಕುರಿಯನ್ನೆಲ್ಲ ಟೌನ್ ಸೆಂಟರ್ ಗೋಡೆಗೆ ತಾಗಿ ತಂದು ನಿಲ್ಲಿಸಿ. ದೂರದಲ್ಲಿ ಕಡಿದರೆ ಹೊತ್ತು ತರುವ ನಡಿಗೆಯಲ್ಲೇ ಸಮಯ ಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ: ಒಂದು ಸಲಕ್ಕೆ ಒಂದೇ ಕುರಿ. ಸತ್ತ ಪ್ರಾಣಿಯ ಮಾಂಸ ಕೊಳೆಯುತ್ತಾ ಹೋಗುತ್ತದೆ. ಎರಡು ಮೂರು ಒಟ್ಟಿಗೆ ಕಡಿದರೆ ಅಷ್ಟೂ ನಷ್ಟ.

24 ವಿಲೇಜರ್‌ಗಳ ಲೆಕ್ಕ

ಒಳ್ಳೆಯ ಆಟಗಾರರು ಇದಕ್ಕಿಂತ ಕಡಿಮೆ ಜನರಲ್ಲೇ ಮುಂದಿನ ಏಜ್‌ಗೆ ಹೋಗುತ್ತಾರೆ. ಹೊಸಬರಿಗೆ 24 ಸರಿ. ಹೊಸ ವಿಲೇಜರ್‌ಗಳು ಬಂದ ಹಾಗೆ ಹೀಗೆ ಹಂಚಿ:

- 1ರಿಂದ 6: ಕುರಿ
- 7ರಿಂದ 10: ಮರ. ಏಳನೆಯವರು ಕಾಡಿನ ಅಂಚಿಗೆ ತಾಗಿ ಲಂಬರ್ ಕ್ಯಾಂಪ್ (ಕಡಿದ ಮರ ತಂದು ಹಾಕುವ ಕಟ್ಟಡ) ಕಟ್ಟಬೇಕು, 100 ಮರ
- 11: ಮೊದಲ ಕಾಡುಹಂದಿ ತರಲು
- 12ರಿಂದ 15: ಹಣ್ಣಿನ ಪೊದೆ. 12ನೆಯವರು ದಾರಿಯಲ್ಲಿ ಒಂದು ಮನೆ, ಆಮೇಲೆ ಪೊದೆಗೆ ತಾಗಿ ಮಿಲ್ ಕಟ್ಟಲಿ
- 16ರಿಂದ 22: ಮರ. ಇವರಿಗೆ ಬೇರೆ ಕಡೆ ಎರಡನೇ ಲಂಬರ್ ಕ್ಯಾಂಪ್
- 23, 24: ಚಿನ್ನ. ಮೈನಿಂಗ್ ಕ್ಯಾಂಪ್ ಚಿನ್ನಕ್ಕೆ ಅಂಟಿಕೊಂಡೇ ಇರಲಿ

ಕ್ಯಾಂಪ್ ಇಡುವಾಗ ಎರಡು ಹೆಜ್ಜೆ ಅಂತರ ಬಿಟ್ಟರೂ ಅದು ಇಡೀ ಆಟದಲ್ಲಿ ಸಾವಿರಾರು ಹೆಜ್ಜೆ ಆಗುತ್ತದೆ. ಮರವಿದ್ದ ಕಡೆ ಮರಕ್ಕೆ ಮುಟ್ಟುವಂತೆ, ಚಿನ್ನವಿದ್ದ ಕಡೆ ಚಿನ್ನಕ್ಕೆ ಮುಟ್ಟುವಂತೆ. ಹಾಗೇ ಜನಸಂಖ್ಯೆಯ ಅಂಕಿಯ ಮೇಲೆ ಒಂದು ಕಣ್ಣಿರಲಿ. ಇನ್ನು ಇಬ್ಬರಿಗೆ ಮಾತ್ರ ಜಾಗ ಇದೆ ಅನ್ನುವಾಗ ಮುಂದಿನ ಮನೆ ಶುರುವಾಗಿರಬೇಕು. ಮನೆ ಇಲ್ಲದೆ ಟೌನ್ ಸೆಂಟರ್ ನಿಲ್ಲುವುದೇ ಹೊಸಬರ ಆಟ ಹಾಳಾಗುವ ದೊಡ್ಡ ಕಾರಣ.

ಕಾಡುಹಂದಿ ತರುವುದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಹೆದರುವುದು. ಒಂದು ಹಂದಿಯಲ್ಲಿ 340 ಆಹಾರ ಇದೆ, ಕುರಿಯಲ್ಲಿ 100. ಎರಡು ಹಂದಿ ಅಂದರೆ ಸುಮಾರು ಏಳು ಕುರಿಗೆ ಸಮ. ಹಂದಿ ಮಾಂಸ ಕುರಿಗಿಂತ ಬೇಗ ಕೈಗೆ ಬರುತ್ತದೆ ಕೂಡ. ಬಿಟ್ಟರೆ ಫ್ಯೂಡಲ್ ಏಜ್ ತಡವಾಗುವುದು ಖಂಡಿತ.

11ನೇ ವಿಲೇಜರ್ ಹಂದಿಯ ಹತ್ತಿರ ಹೋಗಲಿ. ಹಂದಿಯ ಮೇಲೆ ಬಲ ಕ್ಲಿಕ್ ಮಾಡಿ. ಬಾಣ ಹೋಗಿ ಹಂದಿಗೆ ತಾಗಿದ್ದು ಕಾಣುತ್ತದೆ, ಹಂದಿ ತಿರುಗುತ್ತದೆ. ಆ ಕ್ಷಣಕ್ಕೇ ವಿಲೇಜರ್‌ನನ್ನು ಟೌನ್ ಸೆಂಟರ್ ಕಡೆಗೆ ಓಡಿಸಿ. ತಡಮಾಡಬೇಡಿ. ವಿಲೇಜರ್‌ಗೆ ಇರುವುದು 25 ಪ್ರಾಣಬಲ ಮಾತ್ರ, ನಿಂತರೆ ಹಂದಿ ಕೊಂದೇ ಬಿಡುತ್ತದೆ. ದಾರಿ ನೇರವಾಗಿರಲಿ, ಮಧ್ಯೆ ಮನೆಯೋ ಮರವೋ ಅಡ್ಡ ಬಂದರೆ ಅವನು ಸುತ್ತಿ ಹೋಗುವಷ್ಟರಲ್ಲಿ ಹಂದಿ ಹಿಡಿಯುತ್ತದೆ.

ಅವನು ಟೌನ್ ಸೆಂಟರ್ ಹತ್ತಿರ ಬರುತ್ತಿದ್ದ ಹಾಗೆ ಕುರಿ ಕಡಿಯುತ್ತಿರುವ ಆರೂ ಜನರನ್ನು ಆಯ್ದು ಹಂದಿಯ ಮೇಲೆ ಬಿಡಿ. ಓಡಿ ಬಂದವನನ್ನು ಟೌನ್ ಸೆಂಟರ್ ಒಳಗೆ ಕಳಿಸಿ. ಆರು ಜನರ ಬಾಣಕ್ಕೆ ಹಂದಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ಎಚ್ಚರ: ಹಂದಿಯನ್ನು ಸಾಯಿಸಬೇಕಾದವರು ವಿಲೇಜರ್‌ಗಳೇ. ಟೌನ್ ಸೆಂಟರ್ ಬಾಣದಿಂದ ಸತ್ತರೆ ಆ ಮಾಂಸ ಯಾರಿಗೂ ದಕ್ಕುವುದಿಲ್ಲ. ಒಳಗೆ ಹೋದವನು ಟೌನ್ ಸೆಂಟರ್ ಬಾಣ ಬಿಡುವಂತೆ ಮಾಡುತ್ತಾನೆ, ಹಾಗಾಗಿ ಹಂದಿ ಬೇರೆಯವರ ಕಡೆ ತಿರುಗಿದ ಕೂಡಲೇ ಅವನನ್ನು ಹೊರಗೆ ಕರೆಯಿರಿ.

ಇದು ಕೈಗೆ ಬರುವವರೆಗೆ ಲೂಮ್ ಅನ್ನುವ ಸುಧಾರಣೆಯನ್ನು ಹಂದಿಗಿಂತ ಮೊದಲೇ ಮಾಡಿಕೊಳ್ಳಿ. 50 ಚಿನ್ನ, 25 ಸೆಕೆಂಡು, ವಿಲೇಜರ್‌ನ ಪ್ರಾಣಬಲ 40 ಆಗುತ್ತದೆ. ಅನುಭವಿಗಳು ಅದನ್ನು ಫ್ಯೂಡಲ್ ಏಜ್‌ಗೆ ಹೋಗುವ ಮುಂಚಿನ ಕ್ಷಣಕ್ಕೆ ಇಟ್ಟುಕೊಳ್ಳುತ್ತಾರೆ. ಎರಡನೇ ಹಂದಿಯನ್ನು ಮೊದಲನೆಯದರಲ್ಲಿ ನೂರರಷ್ಟು ಆಹಾರ ಉಳಿದಾಗ ತರಲು ಹೊರಡಿ, ಈ ಸಲ ಬೇರೆ ವಿಲೇಜರ್ ಹೋಗಲಿ. ಮೊದಲು ಹೋದವನಿಗೆ ಏಟು ಬಿದ್ದಿರುತ್ತದೆ.

ಫ್ಯೂಡಲ್ ಏಜ್

500 ಆಹಾರ ಬೇಕು, ಜೊತೆಗೆ ಡಾರ್ಕ್ ಏಜ್‌ನ ಎರಡು ಬೇರೆ ಬೇರೆ ಕಟ್ಟಡ. ಮನೆ ಲೆಕ್ಕಕ್ಕಿಲ್ಲ, ಆದರೆ ಮಿಲ್ ಮತ್ತು ಲಂಬರ್ ಕ್ಯಾಂಪ್ ಆಗಲೇ ಇವೆ. ಆದ್ದರಿಂದ ಹೊಸದಾಗಿ ಏನೂ ಬೇಡ.

ಗಡಿಯಾರ ನೋಡಿ ನಿಮ್ಮ ಆಟ ಎಷ್ಟು ಸರಿ ಇದೆ ಅಂತ ತಿಳಿಯಬಹುದು. ಮೊದಲ ಮೂವರನ್ನು ಬಿಟ್ಟರೆ 21 ವಿಲೇಜರ್‌ಗಳು, ತಲಾ 25 ಸೆಕೆಂಡು, ಮೇಲೆ ಲೂಮ್‌ಗೆ 25. ಒಟ್ಟು 550 ಸೆಕೆಂಡು. ಟೌನ್ ಸೆಂಟರ್ ಒಂದು ಸೆಕೆಂಡೂ ನಿಲ್ಲದಿದ್ದರೆ ಆಟದ ಗಡಿಯಾರ 9:10 ತೋರಿಸುವಾಗ ನೀವು ಫ್ಯೂಡಲ್ ಒತ್ತಬಹುದು. ಅದಕ್ಕೆ 130 ಸೆಕೆಂಡು, ಅಂದರೆ 11:20ಕ್ಕೆ ತಲುಪುತ್ತೀರಿ. ನೀವು 13 ನಿಮಿಷಕ್ಕೆ ತಲುಪಿದರೆ ಎಲ್ಲೋ ನೂರು ಸೆಕೆಂಡು ಟೌನ್ ಸೆಂಟರ್ ಖಾಲಿ ಕೂತಿತ್ತು ಅಂತ ಅರ್ಥ. ಮನೆ ತಡವಾಯಿತೋ, ಆಹಾರ ಸಾಲದಾಯಿತೋ, ಹಂದಿ ನೋಡುತ್ತಾ ಎಚ್, ಕ್ಯೂ ಮರೆತಿರೋ, ಈ ಮೂರರಲ್ಲೇ ಒಂದು.

ಏಜ್ ಏರುತ್ತಿರುವ 130 ಸೆಕೆಂಡು ಟೌನ್ ಸೆಂಟರ್‌ನಿಂದ ಯಾರೂ ಹೊರಬರುವುದಿಲ್ಲ. ಹಾಗಂತ ಕೈಕಟ್ಟಿ ಕೂರಬೇಡಿ. ಮರದ ಇಬ್ಬರನ್ನು ಕರೆದು 175 ಮರದ ಬ್ಯಾರಕ್ಸ್ (ಕಾಲಾಳುಗಳು ತಯಾರಾಗುವ ಕಟ್ಟಡ) ಕಟ್ಟಿಸಿ, ಅದಿಲ್ಲದೆ ಸ್ಟೇಬಲ್ (ಕುದುರೆ ಲಾಯ) ಕಟ್ಟಲು ಬರುವುದಿಲ್ಲ. ಕುರಿ, ಹಂದಿ ಮುಗಿಯುತ್ತಾ ಬಂದಿರುತ್ತವೆ. ಅಲ್ಲಿಂದ ಖಾಲಿಯಾದ ಒಬ್ಬೊಬ್ಬರನ್ನೂ ಟೌನ್ ಸೆಂಟರ್ ಸುತ್ತ ಹೊಲಕ್ಕೆ ಹಾಕಿ. ಹೊಲಕ್ಕೆ 60 ಮರ. ಅದಕ್ಕೇ 11 ಜನ ಮರ ಕಡಿಯುತ್ತಿರುವುದು.

ಫ್ಯೂಡಲ್ ತಲುಪಿದ ತಕ್ಷಣ ಮಾಡಬೇಕಾದದ್ದು: ಮತ್ತೆ ವಿಲೇಜರ್‌ಗಳು, ಲಂಬರ್ ಕ್ಯಾಂಪ್‌ನಲ್ಲಿ ಡಬಲ್ ಬಿಟ್ ಆಕ್ಸ್, 175 ಮರಕ್ಕೆ ಸ್ಟೇಬಲ್. ಸ್ಟೇಬಲ್‌ನಿಂದ ಮೂರೋ ನಾಲ್ಕೋ ಸ್ಕೌಟ್‌ಗಳು, ಒಂದಕ್ಕೆ 80 ಆಹಾರ. ಇವು ಯುದ್ಧ ಗೆಲ್ಲಲು ಅಲ್ಲ, ಕಿರಿಕಿರಿ ಮಾಡಲು. ಎದುರಾಳಿಯ ಮರ ಕಡಿಯುವವರ ಹಿಂದೆ ಬಿಡಿ. ಒಬ್ಬ ವಿಲೇಜರ್ ಸತ್ತರೂ ಲಾಭ. ಅವರು ಹೆದರಿ ಒಳಗೆ ಓಡಿದರೆ ಅಷ್ಟು ಹೊತ್ತು ಕೆಲಸ ನಿಂತಿತು, ಅದೂ ಲಾಭವೇ. ಈಟಿಯವರು ಬಂದರೆ ಹಿಂದೆ ಬನ್ನಿ, ಟೌನ್ ಸೆಂಟರ್ ಕೆಳಗೆ ಹೋಗಲೇಬೇಡಿ.

ಯಾರು ಯಾರನ್ನು ಹೊಡೆಯುತ್ತಾರೆ

ಸೈನ್ಯದ ಲೆಕ್ಕ ಮೂಲದಲ್ಲಿ ಸರಳ. ಈಟಿಯವರು ಕುದುರೆ ಸವಾರರನ್ನು ಹೊಡೆಯುತ್ತಾರೆ. ಬಿಲ್ಲುಗಾರರು ಈಟಿಯವರನ್ನು. ಸ್ಕರ್ಮಿಷರ್ ಅನ್ನುವ ಭರ್ಜಿ ಎಸೆಯುವವರು ಬಿಲ್ಲುಗಾರರನ್ನು. ಕುದುರೆಗಳು ಬಿಲ್ಲುಗಾರರನ್ನೂ ಸ್ಕರ್ಮಿಷರ್‌ಗಳನ್ನೂ. ಒಂಟೆ ಕುದುರೆಗೆ ಶತ್ರು. ಮಾಂಕ್ ಅನ್ನುವ ಸನ್ಯಾಸಿ ದೂರದಿಂದಲೇ ಮಂತ್ರ ಹೇಳಿ ನಿಮ್ಮ ನೈಟ್‌ನನ್ನು ತನ್ನ ಕಡೆ ಮಾಡಿಕೊಳ್ಳುತ್ತಾನೆ. ಆನೆಗಳಂತೂ ಅವನಿಗೆ ಹಬ್ಬ. ಉಳಿದದ್ದೆಲ್ಲ ಇದರ ಮೇಲಿನ ಉಪ್ಪುಖಾರ. ಎದುರಾಳಿ ಏನು ಮಾಡುತ್ತಿದ್ದಾನೆ ಅಂತ ನೋಡದೆ ಸೈನ್ಯ ಮಾಡುವುದು ಕಣ್ಣುಮುಚ್ಚಿ ಖರ್ಚು ಮಾಡಿದ ಹಾಗೆ, ಅದಕ್ಕೇ ಒಂದು ಸ್ಕೌಟ್‌ನನ್ನು ಕೊನೆಯವರೆಗೂ ಉಳಿಸಿಕೊಳ್ಳಿ.

ಕ್ಯಾಸಲ್ ಏಜ್: ಇಲ್ಲಿಯೇ ಆಟ ತೀರ್ಮಾನವಾಗುವುದು

800 ಆಹಾರ, 200 ಚಿನ್ನ, ಫ್ಯೂಡಲ್‌ನ ಎರಡು ಕಟ್ಟಡ. ಸ್ಟೇಬಲ್ ಇದೆ, 150 ಮರಕ್ಕೆ ಬ್ಲ್ಯಾಕ್‌ಸ್ಮಿತ್ ಕಟ್ಟಿ. ಆಟ ಕಲಿಯುವವರು 18ನೇ ನಿಮಿಷದೊಳಗೆ ಈ ಬಟನ್ ಒತ್ತಿದರೆ ಚೆನ್ನಾಗಿದೆ. ಏರಲು 160 ಸೆಕೆಂಡು. ಅಷ್ಟರಲ್ಲಿ ಎರಡನೇ ಸ್ಟೇಬಲ್ ಕಟ್ಟಿ, ಚಿನ್ನಕ್ಕೆ ಇನ್ನೂ ಆರು ಜನರನ್ನು ಕಳಿಸಿ.

ಈಗ ಬರುತ್ತಾರೆ ನೈಟ್‌ಗಳು. ಒಬ್ಬರಿಗೆ 60 ಆಹಾರ, 75 ಚಿನ್ನ, 30 ಸೆಕೆಂಡು. ಎರಡು ಸ್ಟೇಬಲ್ ನಿಲ್ಲದೆ ನಡೆಯಬೇಕಾದರೆ ನಿಮಿಷಕ್ಕೆ 240 ಆಹಾರ, 300 ಚಿನ್ನ ಬೇಕು. ಒಂದು ಟೌನ್ ಸೆಂಟರ್ ನಿಲ್ಲದೆ ವಿಲೇಜರ್ ಮಾಡಲು ನಿಮಿಷಕ್ಕೆ 120 ಆಹಾರ. ಒಬ್ಬ ರೈತ ನಿಮಿಷಕ್ಕೆ ಹತ್ತಿರ ಹತ್ತಿರ 20 ಆಹಾರ ತರುತ್ತಾನೆ ಅಂತಿಟ್ಟುಕೊಳ್ಳಿ. ಅಂದರೆ ಟೌನ್ ಸೆಂಟರ್‌ಗೆ ಆರು ಹೊಲ, ಒಂದೊಂದು ಸ್ಟೇಬಲ್‌ಗೆ ಆರಾರು ಹೊಲ. ಒಟ್ಟು 18 ಹೊಲ, ಚಿನ್ನದ ಮೇಲೆ ಹದಿಮೂರು ಹದಿನಾಲ್ಕು ಜನ. ಈ ಲೆಕ್ಕ ಬಾಯಿಗೆ ಬಂದುಬಿಟ್ಟರೆ "ಆಹಾರ ಯಾಕೆ ಸಾಲ್ತಿಲ್ಲ" ಅನ್ನುವ ಗೊಂದಲ ಇರುವುದಿಲ್ಲ. ಹೊಲ ಆರು, ಸ್ಟೇಬಲ್ ಮೂರು ಇಟ್ಟುಕೊಂಡರೆ ಎಲ್ಲಿಂದ ಸಾಲಬೇಕು?

ಲೆಕ್ಕಕ್ಕಿಂತ ಆಹಾರ ಜಾಸ್ತಿ ಉಳಿಯುತ್ತಿದೆಯಾ? ಹಾಗಾದರೆ ಖರ್ಚು ಮಾಡುವ ಕಟ್ಟಡ ಕಡಿಮೆ ಇದೆ. ಮೂರನೇ ಸ್ಟೇಬಲ್ ಕಟ್ಟಿ, ಇಲ್ಲ ಇನ್ನೊಂದು ಟೌನ್ ಸೆಂಟರ್ ಕಟ್ಟಿ. ಮರ ಉಳಿದರೆ ಹೊಲ. ಚಿನ್ನ ಉಳಿದರೆ ಬ್ಲ್ಯಾಕ್‌ಸ್ಮಿತ್‌ನಲ್ಲಿ ಕತ್ತಿ, ಕವಚದ ಸುಧಾರಣೆ. ಪ್ರತಿ ಅಂಕಿಯೂ ಏನು ಮಾಡಬೇಕು ಅಂತ ಹೇಳುತ್ತಿರುತ್ತದೆ.

ಶುರುವಿನಲ್ಲಿ ಕೊಟ್ಟ 200 ಕಲ್ಲು ಇನ್ನೂ ಹಾಗೇ ಇದೆ, ಗಮನಿಸಿದಿರಾ? ಕ್ಯಾಸಲ್ ಏಜ್‌ನಲ್ಲಿ ಹೊಸ ಟೌನ್ ಸೆಂಟರ್‌ಗೆ 275 ಮರ, 100 ಕಲ್ಲು. ಕಲ್ಲು ಒಡೆಯುವವರು ಒಬ್ಬರೂ ಇಲ್ಲದೆ ಸರಿಯಾಗಿ ಎರಡು ಟೌನ್ ಸೆಂಟರ್ ಏಳುತ್ತವೆ. ಒಂದನ್ನು ಹೊಸ ಕಾಡಿನ ಪಕ್ಕ, ಇನ್ನೊಂದನ್ನು ಎರಡನೇ ಚಿನ್ನದ ಪಕ್ಕ ಕಟ್ಟಿ. ಮೂರು ಕಡೆಯಿಂದ ವಿಲೇಜರ್‌ಗಳು ಬರತೊಡಗಿದರೆ ಹತ್ತು ನಿಮಿಷದಲ್ಲಿ ನಿಮ್ಮ ಊರು ಗುರುತು ಸಿಗದ ಹಾಗೆ ಬೆಳೆಯುತ್ತದೆ. ಸಾಮಾನ್ಯ ಆಟದಲ್ಲಿ ಜನಸಂಖ್ಯೆಯ ಮಿತಿ 200. ಅದರಲ್ಲಿ ನೂರು ಚಿಲ್ಲರೆ ವಿಲೇಜರ್‌ಗಳೇ ಇರಲಿ. ಹೊಸಬರು 40ಕ್ಕೆ ನಿಲ್ಲಿಸಿ "ಇನ್ನು ಸೈನ್ಯ" ಅಂತಾರೆ. ಅಲ್ಲಿಗೆ ಆಟ ಕೈಬಿಟ್ಟು ಹೋಗುತ್ತದೆ.

ನೈಟ್‌ಗಳು ಐದಾರು ಆದ ಮೇಲೆ ಸುಮ್ನೆ ಊರಲ್ಲಿ ನಿಲ್ಲಿಸಬೇಡಿ. ಎಲ್ಲರನ್ನೂ ಆಯ್ದು ಕಂಟ್ರೋಲ್ ಮತ್ತು 1 ಒತ್ತಿ ಗುಂಪು ಮಾಡಿಕೊಳ್ಳಿ. ಆಮೇಲೆ 1 ಒತ್ತಿದರೆ ಸಾಕು, ಎಲ್ಲರೂ ಆಯ್ಕೆಯಾಗುತ್ತಾರೆ. ಗುರಿ ಎದುರಾಳಿಯ ಸೈನ್ಯವಲ್ಲ, ಅವನ ಚಿನ್ನ ತೆಗೆಯುವವರು, ಹೊಲದವರು. ಒಂದು ಕಡೆ ನುಗ್ಗಿ, ಅವನು ಅಲ್ಲಿ ಓಡಿ ಬರುತ್ತಿದ್ದಂತೆ ಇನ್ನೊಂದು ಕಡೆ ಹೋಗಿ. ನೈಟ್‌ಗಳ ಶಕ್ತಿಯೇ ಓಟ. ಮತ್ತೆ, ಹೇಳಿದ್ದೇ ಹೇಳುತ್ತೇನೆ: ದಾಳಿ ನೋಡುತ್ತಾ ಮೈಮರೆಯಬೇಡಿ. ಎರಡು ಸೆಕೆಂಡು ದಾಳಿ, ಎರಡು ಸೆಕೆಂಡು ಊರು. ಎಚ್, ಕ್ಯೂ.

ಅವನು ಈಟಿಯವರ ಗುಂಪು ಕಟ್ಟಿದರೆ ನೈಟ್‌ಗಳನ್ನೇ ಹೆಚ್ಚಿಸುತ್ತಾ ಹೋಗುವುದು ಹಟ. ಸ್ಕರ್ಮಿಷರ್‌ಗಳನ್ನು ಸೇರಿಸಿ. 25 ಆಹಾರ, 35 ಮರ, ಚಿನ್ನವೇ ಬೇಡ. ಕೋಟೆ ಇದ್ದರೆ ಫ್ರಾಂಕರ ಕೊಡಲಿ ಎಸೆಯುವವರು ಇದಕ್ಕಿಂತ ಸೊಗಸು. ಮಾಂಕ್‌ಗಳು ಕಂಡರೆ ಮಾತ್ರ ಹಿಂದೆ ಮುಂದೆ ನೋಡದೆ ಮೊದಲು ಅವರ ಮೇಲೇ ಬೀಳಿ.

ನಿಮ್ಮ ಮೇಲೇ ದಾಳಿ ಆದಾಗ ಟೌನ್ ಸೆಂಟರ್‌ನ ಗಂಟೆ ಹೊಡೆದರೆ ಎಲ್ಲರೂ ಒಳಗೆ ಓಡುತ್ತಾರೆ, ಬಾಣಗಳೂ ಜಾಸ್ತಿ ಹಾರುತ್ತವೆ. ಆದರೆ ಎರಡು ಸ್ಕೌಟ್ ಬಂದದ್ದಕ್ಕೆ ಇಡೀ ಊರಿನ ಕೆಲಸ ನಿಲ್ಲಿಸುವುದು ದುಬಾರಿ. ದಾಳಿ ಆದ ಜಾಗದವರನ್ನು ಮಾತ್ರ ಆಯ್ದು ಒಳಗೆ ಕಳಿಸಿ.

ಮುಗಿಸುವುದು

ಕಟ್ಟಡ ಕೆಡವಲು ನೈಟ್‌ಗಳು ತುಂಬ ಹೊತ್ತು ತಗೊಳ್ಳುತ್ತಾರೆ. ಸೀಜ್ ವರ್ಕ್‌ಶಾಪ್ ಕಟ್ಟಿ ರ‍್ಯಾಮ್ ಮಾಡಿ, ಗೋಡೆ ಗುದ್ದಿ ಒಡೆಯುವ ಬಂಡಿ ಅದು, ಒಂದಕ್ಕೆ 160 ಮರ, 75 ಚಿನ್ನ. ರ‍್ಯಾಮ್‌ಗೆ ಬಾಣ ತಾಗಿದರೂ ತಾಗದ ಹಾಗೆ. ಕತ್ತಿ ಹಿಡಿದವರು ಬಂದರೆ ಮಾತ್ರ ಕಷ್ಟ, ಅದಕ್ಕೆ ನೈಟ್‌ಗಳು ಜೊತೆಗೇ ಇರಬೇಕು. ಎರಡು ಮೂರು ರ‍್ಯಾಮ್, ಹನ್ನೆರಡು ನೈಟ್, ಎದುರಾಳಿಯ ಟೌನ್ ಸೆಂಟರ್. ಮಾಡರೇಟ್ ಎಐ ಇದಕ್ಕೆ ನಿಲ್ಲುವುದಿಲ್ಲ.

ಆಟ ಎಳೆದರೆ ಇಂಪೀರಿಯಲ್ ಏಜ್‌ಗೆ ಹೋಗಿ. 1,000 ಆಹಾರ, 800 ಚಿನ್ನ, 190 ಸೆಕೆಂಡು. ಕೋಟೆಯೊಂದಿದ್ದರೆ ಬೇರೆ ಕಟ್ಟಡ ಬೇಕಿಲ್ಲ, 650 ಕಲ್ಲಿನ ಕೋಟೆ ಫ್ರಾಂಕರಿಗೆ ಇನ್ನೂ ಕಡಿಮೆಗೆ ಸಿಗುತ್ತದೆ. ಅಲ್ಲಿಂದ ಟ್ರೆಬುಷೆ ಬರುತ್ತದೆ, 200 ಮರ, 200 ಚಿನ್ನ. ಎದುರಾಳಿಯ ಕೋಟೆಯ ಬಾಣ ಮುಟ್ಟದ ದೂರದಿಂದಲೇ ಕಲ್ಲೆಸೆದು ಅದನ್ನು ಕೆಡವುತ್ತದೆ. ನೈಟ್‌ಗಳು ಕ್ಯಾವಲಿಯರ್ ಆಗಿ, ಆಮೇಲೆ ಪಾಲಡಿನ್ ಆಗುತ್ತಾರೆ. ಫ್ರಾಂಕರ ಪಾಲಡಿನ್‌ಗಳು ಇಪ್ಪತ್ತು ಜನ ಒಟ್ಟಿಗೆ ಬಂದರೆ ನೋಡಲೂ ಚೆಂದ. ಚಿನ್ನ ಮುಗಿಯುತ್ತಾ ಬಂದರೆ ಮಾರ್ಕೆಟ್‌ನಲ್ಲಿ ಮರವೋ ಆಹಾರವೋ ಮಾರಬಹುದು, ಆದರೆ ಮಾರಿದಷ್ಟೂ ಬೆಲೆ ಇಳಿಯುತ್ತದೆ. ನಕ್ಷೆಯಲ್ಲಿ ಅಲ್ಲಲ್ಲಿ ಬಿದ್ದಿರುವ ಪವಿತ್ರ ವಸ್ತುಗಳಾದ ರೆಲಿಕ್‌ಗಳನ್ನು ಮಾಂಕ್ ಕೈಲಿ ತಂದು ಮೊನಾಸ್ಟರಿಯಲ್ಲಿ ಇಟ್ಟರೆ ಏನೂ ಮಾಡದೆ ಚಿನ್ನ ಬರುತ್ತಿರುತ್ತದೆ.

ಮುಂದೆ

ಮಾಡರೇಟ್ ಎಐ ಸುಲಭವಾದ ಮೇಲೆ ಹಾರ್ಡ್, ಆಮೇಲೆ ಹಾರ್ಡೆಸ್ಟ್, ಎಕ್ಸ್‌ಟ್ರೀಮ್. ಹಳೇ ಆಟದಲ್ಲಿ ಅತಿ ಕಠಿಣ ಮಟ್ಟದ ಎಐಗೆ ಪುಕ್ಕಟೆ ಸಂಪನ್ಮೂಲ ಸಿಗುತ್ತಿತ್ತು. ಡೆಫಿನಿಟಿವ್ ಎಡಿಷನ್‌ನ ಎಐ ಆ ಮೋಸ ಮಾಡುವುದಿಲ್ಲ. ಅದು ಗೆದ್ದರೆ ನಿಮಗಿಂತ ಚೆನ್ನಾಗಿ ಖರ್ಚು ಮಾಡಿದೆ ಅಂತಲೇ ಅರ್ಥ. ಆರ್ಟ್ ಆಫ್ ವಾರ್ ಅನ್ನುವ ವಿಭಾಗದಲ್ಲಿ ಮೊದಲ ಕೆಲವು ನಿಮಿಷಗಳ ಅಭ್ಯಾಸಕ್ಕೇ ಅಂತ ಸವಾಲುಗಳಿವೆ, ಕಂಚು, ಬೆಳ್ಳಿ, ಚಿನ್ನದ ಪದಕ ಕೊಡುತ್ತವೆ. ಅದರ ಆರ್ಥಿಕತೆಯ ಸವಾಲಿನಲ್ಲಿ ಬೆಳ್ಳಿ ಬಂದರೆ ಮನುಷ್ಯರ ಜೊತೆ ಆಡಲು ಹೋಗಬಹುದು.

ರ‍್ಯಾಂಕ್ಡ್ ಆಟದಲ್ಲಿ ಎಲ್ಲರೂ 1,000 ಅಂಕದಿಂದ ಶುರು. ಹೊಸಬರಿಗೆ ಅದು ಎತ್ತರವೇ, ಹಾಗಾಗಿ ಮೊದಮೊದಲು ಸೋಲು ಮೇಲಿಂದ ಮೇಲೆ ಬರುತ್ತದೆ. ಸೋಲುತ್ತಾ ಹೋದಂತೆ ಅಂಕ ಇಳಿದು, ನಿಮ್ಮ ಮಟ್ಟದವರೇ ಎದುರಾಗತೊಡಗುತ್ತಾರೆ. ಆಡಿದ ಆಟವೆಲ್ಲ ರೆಕಾರ್ಡ್ ಆಗಿರುತ್ತದೆ. ಸೋತದ್ದನ್ನು ಮತ್ತೆ ಹಾಕಿ, ಯುದ್ಧದ ಭಾಗ ಬಿಟ್ಟು ಮೊದಲ ಹನ್ನೆರಡು ನಿಮಿಷ ಮಾತ್ರ ನೋಡಿ. ಎದುರಾಳಿಯ ಕಡೆಯಿಂದಲೂ ನೋಡಬಹುದು. ಅವನ ಹತ್ತನೇ ವಿಲೇಜರ್ ಎಷ್ಟು ಹೊತ್ತಿಗೆ ಬಂದ, ನಿಮ್ಮವನು ಎಷ್ಟು ಹೊತ್ತಿಗೆ ಬಂದ, ಇಷ್ಟು ಹೋಲಿಸಿದರೆ ಸಾಕು.

ಇನ್ನು ಶಿಷ್ಟಾಚಾರ. ಚಾಟ್‌ನಲ್ಲಿ 11 ಅಂತ ಬಂದರೆ ಅದು ನಗು, ಆ ಅಂಕಿ ಒತ್ತಿದರೆ ನಗುವ ದನಿ ಕೇಳಿಸುತ್ತದೆ. 14 ಬಂದರೆ "ಆಟ ಶುರು ಮಾಡ್ರಪ್ಪಾ" ಅಂತ ತಡ ಮಾಡುವವರನ್ನು ಬೈಯುವುದು. 30 ಬಂದರೆ ಮಾಂಕ್‌ಗಳ "ವೊಲೊಲೊ". ಸೋತಾಗ "ಜಿಜಿ" (ಗುಡ್ ಗೇಮ್) ಅಂತ ಬರೆದು ರಿಸೈನ್ ಒತ್ತಿ. ಊರಿನ ಮೂಲೆಯಲ್ಲಿ ಒಬ್ಬ ವಿಲೇಜರ್‌ನನ್ನು ಬಚ್ಚಿಟ್ಟು ಎದುರಾಳಿ ಹುಡುಕಾಡುವಂತೆ ಮಾಡುವವರೂ ಇದ್ದಾರೆ, ಅಂಥವರ ಜೊತೆ ಎರಡನೇ ಸಲ ಯಾರೂ ಆಡುವುದಿಲ್ಲ.